ಕಿರುಜೀವಿಗಳೂ ಮನುಷ್ಯನ ಧರ್ಮವೂ

ಆನೆಯನ್ನು ಕೊಂದವನನ್ನು ಲೋಕವು ಪಾಪಿಯೆನ್ನುತ್ತದೆ. ಇರುವೆಯನ್ನು ತುಳಿದವನನ್ನು ಯಾರೂ ಕೇಳುವುದಿಲ್ಲ. ಹಾಗಾದರೆ ಪಾಪದ ತೂಕವು ಸತ್ತ ಪ್ರಾಣಿಯ ಗಾತ್ರವನ್ನು ಅನುಸರಿಸುವುದೆ? ಪ್ರಶ್ನೆಯು ಹಳೆಯದು. ಜೈನ ಶ್ರಾವಕರು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದಲ್ಲದೆ, ಬಟ್ಟೆಯಲ್ಲುಳಿದ ಜೀವಿಗಳನ್ನು ತಂದ ನೀರಿಗೇ ಮರಳಿ ಸೇರಿಸುವ ಆಚಾರವನ್ನಿಟ್ಟುಕೊಂಡು, ಅದಕ್ಕೆ ತಮ್ಮ ಉತ್ತರವನ್ನು ಎಂದೋ ಕೊಟ್ಟಿರುವರು. ಈಗಿನ ರಸಾಯನಶಾಸ್ತ್ರವು ಅದೇ ಪ್ರಶ್ನೆಯನ್ನು ಹೊಸ ರೂಪದಲ್ಲಿ ಮುಂದಿಟ್ಟಿದೆ.

ಬೆಳ್ಳಿಯು ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲ ಲೋಹ. ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ೧ರಿಂದ ೧೦೦ ನ್ಯಾನೋಮೀಟರ್ ಗಾತ್ರದ ಬೆಳ್ಳಿಯ ಕಣಗಳನ್ನು, ಬೆವರಿನ ದುರ್ಗಂಧವು ಹುಟ್ಟದಿರಲೆಂದು, ಕಾಲುಚೀಲ ಮೊದಲಾದ ಬಟ್ಟೆಗಳಿಗೆ ಸೇರಿಸುವುದುಂಟು. ೨೦೦೮ರಲ್ಲಿ ಅಮೆರಿಕದ ಅರಿಜೋನಾದ ಸಂಶೋಧಕರು ಅಂತಹ ಕಾಲುಚೀಲಗಳನ್ನು ನೀರಿನಲ್ಲಿ ತೊಳೆದು ನೋಡಲಾಗಿ, ಕೆಲವುಗಳ ಬೆಳ್ಳಿಯು ನಾಲ್ಕಾರು ಸಲಕ್ಕೇ ಬಹುಮಟ್ಟಿಗೆ ನೀರಿನ ಪಾಲಾದುದು ಕಂಡುಬಂದಿತು. ಚರಂಡಿಯ ನೀರನ್ನು ಶುದ್ಧಿಮಾಡುವಲ್ಲಿ ಅದರ ಹೆಚ್ಚಿನ ಭಾಗವು ಗಂಧಕದೊಡನೆ ಕೂಡಿ ತನ್ನ ವಿಷವನ್ನು ಬಹಳವಾಗಿ ಕಳೆದುಕೊಳ್ಳುವುದೆಂಬುದೂ ನಿಜ. ಆದರೆ ಶುದ್ಧಿಯ ಏರ್ಪಾಡಿಲ್ಲದೆ ಕೆರೆಗೆ ಹರಿಯುವ ನೀರಿಗೆ ಈ ರಕ್ಷೆಯ ಭರವಸೆಯಿಲ್ಲ.

ಸಿಹಿನೀರಿನ ಕೆರೆಕುಂಟೆಗಳಲ್ಲಿ ಡಾಫ್ನಿಯಾ ಎಂಬ ನೀರುಚಿಗಟವು ವಾಸಿಸುತ್ತದೆ. ದೊಡ್ಡದೆಂದರೆ ಸುಮಾರು ೫ ಮಿಲಿಮೀಟರ್ ಉದ್ದ, ಮೈ ಪಾರದರ್ಶಕ, ಸೂಕ್ಷ್ಮದರ್ಶಕದಲ್ಲಿ ಅದರ ಹೃದಯವು ಮಿಡಿಯುವುದನ್ನು ಕಾಣಬಹುದು. ನೀರನ್ನು ಸೋಸಿ ಪಾಚಿಯನ್ನು ತಿನ್ನುವುದು ಅದರ ವೃತ್ತಿ. ಮೀನುಮರಿಗೆ ಅದೇ ಆಹಾರ. ಹೀಗೆ ಸೋಸುವಾಗ ಲೋಹದ ಕಣವೂ ಒಳಹೋಗುವುದು. ಇದಲ್ಲದೆ, ಕಣದಿಂದ ಕರಗಿ ಹೊರಟ ಬೆಳ್ಳಿಯ ಅಯಾನುಗಳು, ಆ ಪ್ರಾಣಿಯು ನೀರಿನಿಂದ ಸೋಡಿಯಮನ್ನು ಹೀರಿಕೊಳ್ಳುವ ದಾರಿಯನ್ನೇ ತಡೆಯುವುವು. ಒಂದು ಲೀಟರಿಗೆ ಕೆಲವೇ ಮೈಕ್ರೊಗ್ರಾಮಿನಷ್ಟು ಕರಗಿದ ಬೆಳ್ಳಿಯು ಅದರ ಪ್ರಾಣಕ್ಕೆ ಸಾಕು.

ಇಲ್ಲಿ ಕೊಲ್ಲಬೇಕೆಂಬ ಸಂಕಲ್ಪವು ಯಾರಿಗೂ ಇಲ್ಲ. ಸಂಕಲ್ಪವಿಲ್ಲದಲ್ಲಿ ದೋಷವೂ ಇಲ್ಲವೆಂದು ಕೆಲವರು ವಾದಿಸಬಹುದು. ಅರಿಯದವನ ಮಟ್ಟಿಗೆ ಈ ವಾದವು ಸಲ್ಲುವುದು, ಅರಿತವನಿಗೆ ಸಲ್ಲದು. ಆ ಅರಿವಾದರೂ ದೊರೆತ ಬಗೆಯಾವುದು? ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ೨೦೦೪ರಲ್ಲಿ ತಿದ್ದಿ ಪ್ರಕಟಿಸಿದ ಪರೀಕ್ಷಾವಿಧಿಯಂತೆ, ಹುಟ್ಟಿ ೨೪ ಗಂಟೆ ತುಂಬದ ಡಾಫ್ನಿಯಾ ಮರಿಗಳನ್ನು, ವಿಷದ ಒಂದೊಂದು ಪ್ರಮಾಣಕ್ಕೂ ಕನಿಷ್ಠ ೨೦ರಂತೆ, ೪೮ ಗಂಟೆ ಆ ನೀರಿನಲ್ಲಿರಿಸಿ, ಎಷ್ಟು ಮರಿಗಳು ಚಲನೆಯನ್ನು ಕಳೆದುಕೊಂಡವೆಂದು ಎಣಿಸುವರು. ಈ ಜ್ಞಾನವು ಅವುಗಳ ಪ್ರಾಣವನ್ನು ತೆತ್ತು ಕೊಂಡ ಜ್ಞಾನ. ಅದನ್ನು ಗ್ರಂಥದಲ್ಲಿ ಬರೆದಿಟ್ಟು ಹಿಂದಿನಂತೆಯೇ ನಡೆಯುವವನು, ಕೆರೆಯ ಜೀವಿಗಳಿಗೆ ಮಾತ್ರವಲ್ಲ, ಗಾಜಿನ ಪಾತ್ರೆಯಲ್ಲಿ ಸತ್ತವುಗಳಿಗೂ ಅನ್ಯಾಯ ಮಾಡುವನು.

ಹಾಗೆಂದು ಬೆಳ್ಳಿಯನ್ನೇ ತ್ಯಜಿಸಬೇಕೆಂದಲ್ಲ. ಸುಟ್ಟಗಾಯಕ್ಕೆ ಕಟ್ಟುವ ಪಟ್ಟಿಯಲ್ಲಿಯೂ ಅದೇ ಕಣಗಳಿರುವುವು. ಅಲ್ಲಿ ಕಾಯಬೇಕಾದುದು ರೋಗಿಯ ಪ್ರಾಣ. ಕಾಲುಚೀಲದಲ್ಲಿ ಕಾಯುವುದು ಒಂದು ದಿನದ ಸೌಖ್ಯವನ್ನು. ಅದನ್ನು ಸಾಬೂನೂ ಬಿಸಿಲೂ ಕೊಡಬಲ್ಲವು. ಒಂದೇ ಹಾನಿಯು ಒಂದೆಡೆ ಕ್ಷಮ್ಯವಾಗಿ ಇನ್ನೊಂದೆಡೆ ಅಕ್ಷಮ್ಯವಾಗುವುದು ಹೀಗೆ. ಆದುದರಿಂದ ಪಾಪದ ತೂಕವು ಸತ್ತ ಪ್ರಾಣಿಯ ಗಾತ್ರವನ್ನಲ್ಲ, ಕೊಂದವನ ಅಗತ್ಯವು ಎಷ್ಟು ಅಲ್ಪವೆಂಬುದನ್ನು ಅನುಸರಿಸುವುದೆಂದು ತಿಳಿಯಬೇಕು.