ಪುಟ್ಟ ಮನೆಗೆ ಒಡೆಯನಾರು?

ಹಬ್ಬದ ದಿನಗಳಲ್ಲಿ ಮಣ್ಣು, ಮರ, ಅಡಿಕೆಹಾಳೆ, ತೆಂಗಿನ ಗೆರಟೆಗಳಿಂದ ಮನೆಯೊಳಗೆ ಪುಟ್ಟ ಗೃಹಗಳನ್ನೂ ತೋಟಗಳನ್ನೂ ರಚಿಸಿ, ಋತುವಿಗೆ ತಕ್ಕಂತೆ ಅವನ್ನು ಸಿಂಗರಿಸುವ ಪರಿಪಾಠವುಂಟು. ಇದು ಬರಿಯ ಮಕ್ಕಳಾಟವೇ, ಅಥವಾ ಹಿರಿಯರೂ ವಿಚಾರಿಸತಕ್ಕ ತತ್ತ್ವವೇನಾದರೂ ಇದರಲ್ಲಿ ಅಡಗಿದೆಯೇ ಎಂಬುದು ಪ್ರಕೃತ ಜಿಜ್ಞಾಸೆ.

ಹಳೆಯ ಮೈಸೂರು ಸೀಮೆಯಲ್ಲಿ ನವರಾತ್ರದ ಗೊಂಬೆಹಬ್ಬವು ಸುಪ್ರಸಿದ್ಧ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯು ಅರಮನೆಯ ಉತ್ಸವವಾದರೆ, ಗೊಂಬೆಹಬ್ಬವು ಮನೆಮನೆಯ ಉತ್ಸವ. ಬೆಸಸಂಖ್ಯೆಯ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳನ್ನು ಕುಳ್ಳಿರಿಸಿ, ಅವುಗಳ ಮುಂದೆ ಒಂದು ಹಳ್ಳಿಯನ್ನೋ ಉದ್ಯಾನವನ್ನೋ ಕಲ್ಪಿಸುವರು. ಕನ್ನಡಿಯ ಚೂರೊಂದು ಅಲ್ಲಿ ಕೆರೆಯಾಗುತ್ತದೆ. ತಟ್ಟೆಯಲ್ಲಿ ಮಣ್ಣು ಹರಡಿ ಬಿತ್ತಿದ ರಾಗಿಯು ಕೆಲವೇ ದಿನಗಳಲ್ಲಿ ಮೊಳೆತು ಹಸುರು ಗದ್ದೆಯಾಗುತ್ತದೆ.

ನಮ್ಮ ಕರಾವಳಿಯಲ್ಲಿ ಗೊಂಬೆ ಕೂರಿಸುವ ಪದ್ಧತಿಯು ಅಷ್ಟೊಂದು ವ್ಯಾಪಕವಲ್ಲ. ಆದರೂ ಋತುವನ್ನು ಮನೆಯೊಳಗೆ ಬರಮಾಡಿಕೊಳ್ಳುವ ಕ್ರಮವು ಅಲೆವೂರಿನ ಸುತ್ತಿನ ಆಸ್ತಿಕರಿಗೆ ಹೊಸತೇನೂ ಅಲ್ಲ. ಬಿಸುವಿನ ದಿನ ಹಣ್ಣು, ತರಕಾರಿ, ಕನ್ನಡಿಗಳನ್ನಿರಿಸಿದ ಕಣಿಯು ವಸಂತದ ಒಂದು ಕಿರುದೋಟವೇ ಸರಿ. ಹೊಸ ಪೈರು ಬಂದಾಗ ತೆನೆ ಕಟ್ಟುವುದರಿಂದ ಗದ್ದೆಯೇ ಬಾಗಿಲಿಗೆ ಬಂದಂತಾಗುತ್ತದೆ. ಉತ್ಥಾನದ್ವಾದಶಿಯಂದು ತುಳಸಿಕಟ್ಟೆಯ ಬಳಿ ನೆಲ್ಲಿಯ ಕೊಂಬೆಯನ್ನೂ ಕಬ್ಬನ್ನೂ ನಿಲ್ಲಿಸಿ ದೀಪ ಬೆಳಗಿದಾಗ, ಒಂದು ಮೊಳದ ಕಟ್ಟೆಯೇ ವಿವಾಹಮಂಟಪವಾಗುತ್ತದೆ.

ಇಂತಹ ಪುಟ್ಟ ಜಗತ್ತನ್ನು ಕಟ್ಟಿದ ಬಾಲಕನು "ಇದು ನನ್ನ ಊರು, ಇಲ್ಲಿ ನಾನು ಹೇಳಿದಂತೆಯೇ ನಡೆಯಬೇಕು" ಎನ್ನುವುದು ಸಹಜ. ಪ್ರಾಯ ಸಂದ ಮೇಲೆ ನಾವೂ ದೊಡ್ಡ ಮನೆ, ದೊಡ್ಡ ತೋಟಗಳ ವಿಷಯದಲ್ಲಿ ಅದನ್ನೇ ಅಲ್ಲವೇ ಹೇಳುತ್ತಿರುವುದು? ಹಾಗಾದರೆ ಈ ಆಟವು ನಮಗೆ ಕಲಿಸುವುದು ಯಜಮಾನಿಕೆಯನ್ನೋ, ಪಾರತಂತ್ರ್ಯವನ್ನೋ?

ತತ್ತ್ವಸಂಖ್ಯಾನವೆಂಬ ಕಿರುಗ್ರಂಥದಲ್ಲಿ ಶ್ರೀಮದಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ವಿಷ್ಣುವೊಬ್ಬನೇ ಸ್ವತಂತ್ರನೆಂದು ನಿರ್ಣಯಿಸಿದ್ದಾರೆ. ಮಿಕ್ಕೆಲ್ಲವೂ ಅವನ ಅಧೀನ. ಇದಕ್ಕೆ ರಾಗಿಯ ತಟ್ಟೆಗಿಂತ ಸುಲಭವಾದ ದೃಷ್ಟಾಂತ ಬೇಕೇ? ಮಣ್ಣು ಹರಡಿದವರು ನಾವು, ನೀರು ಚಿಮುಕಿಸಿದವರೂ ನಾವೇ. ಆದರೆ ಬೀಜದೊಳಗಿಂದ ಮೊಳಕೆಯನ್ನು ಹೊರಡಿಸುವ ಸಾಮರ್ಥ್ಯ ನಮ್ಮದಲ್ಲ. ರಟ್ಟಿನ ಮನೆಗೆ ಬಣ್ಣ ಬಳಿದು "ನಾನು ಮಾಡಿದೆ" ಎಂದು ಬೀಗಬಹುದು. ಅದರ ಅಂಗಳದ ಹಸುರನ್ನು ಕುರಿತು ಹಾಗೆನ್ನಲಾಗದು. ಆದುದರಿಂದ, ಎಷ್ಟು ಚಿಕ್ಕದಾದರೂ ಸರಿ, ಬೆಳೆಯುವ ವಸ್ತುವೊಂದು ಆ ರಚನೆಯಲ್ಲಿರಲಿ. ಅದು ಕರ್ತೃತ್ವದ ಅಹಂಕಾರಕ್ಕೆ ಮೌನವಾದ ಉತ್ತರ.

ಅಲಂಕಾರಕ್ಕೆ ಯಾವುದನ್ನು ಬಳಸಬೇಕೆಂಬುದೂ ಧರ್ಮವಿಚಾರವೇ. ಥರ್ಮೋಕೋಲ್ ಅಲಂಕಾರ ಸಾಮಗ್ರಿಯನ್ನು ಭಾರತ ಸರಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಒಂಬತ್ತು ದಿನಗಳ ಶೋಭೆಗಾಗಿ ತಲೆಮಾರುಗಳು ಕಳೆದರೂ ಕರಗದ ಕಸವನ್ನು ಭೂಮಿಗೆ ಹೊರಿಸುವುದು ಕಾನೂನಿಗೆ ಅಂಜಿ ಮಾತ್ರ ಬಿಡತಕ್ಕದ್ದಲ್ಲ. ನೈಸರ್ಗಿಕವೆಂದ ಮಾತ್ರಕ್ಕೆ ಎಲ್ಲವನ್ನೂ ಕಿತ್ತು ತರುವುದೂ ಯುಕ್ತವಲ್ಲ. ಮಳೆಗಾಲದಲ್ಲಿ ನಮ್ಮ ಕೆಂಪುಕಲ್ಲಿನ ಗೋಡೆಗಳ ಮೇಲೆ ಹಬ್ಬುವ ಹಸುರು ಪಾಚಿಯು ಎಷ್ಟೋ ಕ್ಷುದ್ರಜೀವಿಗಳಿಗೆ ಆಶ್ರಯ. ಆಟದ ಮನೆಯೊಂದಕ್ಕಾಗಿ ನಿಜವಾದ ಮನೆಗಳನ್ನು ಕೀಳುವುದು ನ್ಯಾಯವೇ? ಅಮೆರಿಕದ ಮೇನ್ ಪ್ರಾಂತ್ಯಕ್ಕೆ ಸೇರಿದ ಮೊನ್ಹೇಗನ್ ದ್ವೀಪದ ಕಾಡಿನಲ್ಲಿ, ಕಥೆಗಳ ಕಿನ್ನರಿಯರಿಗಾಗಿ ಕಡ್ಡಿ ತೊಗಟೆಗಳಿಂದ ಪುಟ್ಟ ಮನೆಗಳನ್ನು ಕಟ್ಟುವ ರೂಢಿಯಿದೆ. ಅಲ್ಲಿಯೂ ಜೀವಂತ ಗಿಡಗಳನ್ನು ಕೀಳಬಾರದೆಂಬ ಕಟ್ಟಳೆಯಿರುವುದು ಗಮನಾರ್ಹ. ಉದುರಿದ ಹಾಳೆ, ಒಣಗಿದ ಕಡ್ಡಿ, ಅಡುಗೆಮನೆಯಲ್ಲಿ ಉಳಿದ ಗೆರಟೆಗಳು ನಮಗೆ ಸಾಲವೇ?

ಇನ್ನು, ಕಟ್ಟಿದ್ದನ್ನು ಕಳಚುವ ಮಾತು. ವಿಜಯದಶಮಿಯ ರಾತ್ರಿ ಅನೇಕ ಮನೆಗಳಲ್ಲಿ ಒಂದು ಗೊಂಬೆಯನ್ನಾದರೂ ಮಲಗಿಸಿ, ಮರುದಿನ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವರು. ಜಪಾನಿನಲ್ಲಿಯೂ ಮಾರ್ಚ್ 3ರ ಗೊಂಬೆಹಬ್ಬದಲ್ಲಿ ಮೆಟ್ಟಿಲುಗಳ ಮೇಲೆ ರಾಜದಂಪತಿಗಳ ಗೊಂಬೆಗಳನ್ನಿರಿಸುವ ಸಂಪ್ರದಾಯವುಂಟು. ಹಬ್ಬ ಕಳೆದ ಮೇಲೆ ಅವನ್ನು ಎತ್ತಿಡಲು ತಡಮಾಡಿದರೆ ಮನೆಮಗಳ ವಿವಾಹವೂ ತಡವಾಗುವುದೆಂದು ಅಲ್ಲಿಯ ಜನರ ನಂಬಿಕೆ.

ಮಕ್ಕಳು ಈ ಕಳಚುವಿಕೆಗೆ ಅಳುವುದುಂಟು. ಆಗ ಅವರಿಗೆ ನಾವೇನು ಹೇಳಬೇಕು? "ಅದೆಲ್ಲ ಸುಳ್ಳು, ಬರಿಯ ಆಟ" ಎಂದರೆ ಆ ಮಾತೇ ಸುಳ್ಳಾದೀತು. ಜಗತ್ತು ಸತ್ಯವೆಂಬುದು ನಮ್ಮ ಸಿದ್ಧಾಂತ. ಮಗುವಿನ ಕೈ ಮಣ್ಣಾದದ್ದು ಸತ್ಯ, ಅದರ ಶ್ರಮವೂ ಸಂತೋಷವೂ ಸತ್ಯ. ಸತ್ಯವಾದುದರಿಂದಲೇ ಗೊಂಬೆಗಳನ್ನು ಒಡೆಯದಂತೆ ಜೋಪಾನವಾಗಿರಿಸಿ ಮುಂದಿನ ತಲೆಮಾರಿಗೆ ಒಪ್ಪಿಸುತ್ತೇವೆ. ಬಿಟ್ಟುಕೊಡುವುದು ಅದು ಮಿಥ್ಯೆಯೆಂದಲ್ಲ, ನಮ್ಮದಲ್ಲವೆಂದು. ಈ ಎರಡರ ಅಂತರವನ್ನು ಅರಿಯುವುದೇ ಇಲ್ಲಿಯ ಸಾರ.

ಉಡುಪಿಯ ವಿಟ್ಲಪಿಂಡಿಯಂದು ಈ ತತ್ತ್ವವನ್ನು ಕಣ್ಣಾರೆ ಕಾಣಬಹುದು. ರಥಬೀದಿಯಲ್ಲಿ ಚಿನ್ನದ ರಥವೇರಿ ಬರುವುದು ಮೃಣ್ಮಯ ಕೃಷ್ಣಮೂರ್ತಿ. ಅಷ್ಟು ಜನರ ಕಣ್ಮಣಿಯಾಗಿ ಮೆರೆದ ಆ ಮೂರ್ತಿಯನ್ನು ಉತ್ಸವಾನಂತರ ಮಧ್ವಸರೋವರದಲ್ಲಿ ವಿಸರ್ಜಿಸುವರು. ಮಣ್ಣು ನೀರಿಗೆ ಸೇರುವುದರಿಂದ ಉತ್ಸವವು ಸುಳ್ಳಾಗುವುದಿಲ್ಲ, ಪೂರ್ಣವಾಗುತ್ತದೆ.

ಆದುದರಿಂದ ಮನೆಯ ಹಿರಿಯರು ಈ ಕೆಲಸವನ್ನು ಮಕ್ಕಳಿಗಷ್ಟೇ ಬಿಟ್ಟುಕೊಡದೆ ಅವರೊಡನೆ ಕುಳಿತುಕೊಳ್ಳಲಿ. ಸಿದ್ಧ ಸಾಮಗ್ರಿಯನ್ನು ಅಂಗಡಿಯಿಂದ ತರುವ ಮೊದಲು ಹಿತ್ತಲಿನತ್ತ ಒಮ್ಮೆ ನೋಡಲಿ. ಹಬ್ಬ ಮುಗಿದಾಗ ತಟ್ಟೆಯ ರಾಗಿಯ ಪೈರನ್ನು ಮಕ್ಕಳ ಕೈಯಿಂದಲೇ ದನಕ್ಕೆ ಉಣಿಸಿ, ಮಣ್ಣನ್ನು ತುಳಸಿಯ ಬುಡಕ್ಕೆ ಸುರಿಸಲಿ. ಪುಟ್ಟ ಮನೆಯ ಒಡೆತನವನ್ನು ಹೀಗೆ ಪ್ರತಿವರ್ಷ ಸಂತೋಷದಿಂದ ಒಪ್ಪಿಸಿ ಅಭ್ಯಾಸವಾದ ಕೈಗಳಿಗೆ, ದೊಡ್ಡ ಮನೆಯನ್ನು ಒಪ್ಪಿಸಬೇಕಾದ ದಿನವೂ ಅಷ್ಟೊಂದು ಭಾರವೆನಿಸಲಾರದು.

॥ ಶ್ರೀಕೃಷ್ಣಾರ್ಪಣಮಸ್ತು ॥