ಗುಂಡಿ ದಾಟಿದ ಮೇಲೆ



ಚಂದ್ರಬಂಡದಿಂದ ರಾಯಚೂರಿಗೆ ಬೈಕಿನಲ್ಲಿ ಓಡಾಡುವ ನಮಗೆ ಗುಂಡಿಗಳ ಪರಿಚಯ ಮಾಡಿಸಬೇಕಿಲ್ಲ. ಹೋದ ವಾರ ನನ್ನ ಗಾಡಿ ಗುಂಡಿಯಲ್ಲಿ ಇಳಿದು ಎದ್ದ ಮೇಲೂ ಮೂರು ನಾಲ್ಕು ಸಲ ಕುಣಿಯುತ್ತಿತ್ತು. ಮೆಕ್ಯಾನಿಕ್ ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಒತ್ತಿ ಬಿಟ್ಟು ನೋಡಿ, "ಫೋರ್ಕ್ ಆಯಿಲ್ ಸೋರಿ ಹೋಗ್ಯಾದ್ರಿ ಸರ್" ಅಂದ. ಕೊಳವೆಗೆ ಅಂಟಿದ ಎರೆಮಣ್ಣಿನ ಧೂಳು ಸೀಲನ್ನು ಸವೆಸಿತ್ತು.

ಫೋರ್ಕಿನೊಳಗೆ ಸ್ಪ್ರಿಂಗ್ ಹೊಡೆತವನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ಹಾಗೇ ತಿರುಗಿ ಒದೆಯುತ್ತದೆ. ಸಣ್ಣ ರಂಧ್ರಗಳಲ್ಲಿ ನುಸುಳುವ ಎಣ್ಣೆ ಆ ಒದೆತವನ್ನು ಕರಗಿಸುತ್ತದೆ. ಎಣ್ಣೆ ತೀರ ದಪ್ಪವಾದರೆ ಪ್ರತಿ ಕಲ್ಲೂ ಮಣಿಕಟ್ಟಿಗೆ ಬಡಿಯುತ್ತದೆ, ತೀರ ತೆಳುವಾದರೆ ಕುಣಿತ ನಿಲ್ಲದು. ಭಗವಾನರು ಸೋಣನಿಗೆ ಹೇಳಿದ ವೀಣೆಯ ತಂತಿ ನೆನಪಾಗಲಿಲ್ಲವೇ?

ಕೆಲವು ವರ್ಷಗಳ ಹಿಂದೆ ಬಾಡಿಗೆ ಮನೆ ಕೇಳಲು ಹೋಗಿದ್ದೆ. ಮುಂಗಡದ ಮಾತೆಲ್ಲ ಮುಗಿದ ಮೇಲೆ ಮಾಲೀಕರು "ನೀವು ಯಾವ ಪೈಕಿ?" ಎಂದರು. ಹೇಳಿದೆ. ಮನೆ ಆ ಕ್ಷಣವೇ ಬೇರೆಯವರಿಗೆ ಕೊಟ್ಟಾಗಿತ್ತು! ಅದು ಎರಡು ನಿಮಿಷದ ಗುಂಡಿ. ನಾನು ತಿಂಗಳುಗಟ್ಟಲೆ ಕುಣಿದೆ. ತರಗತಿಯಲ್ಲಿ ಏನೂ ಅರಿಯದ ಮಕ್ಕಳ ಮೇಲೆ ರೇಗಿದೆ.

ಹಾಗಾದರೆ ಉಪೇಕ್ಖಾ ಎಂದರೆ ಗುಂಡಿಯನ್ನು ಒಪ್ಪಿಕೊಳ್ಳುವುದೇ? ನಮ್ಮ ಹುಡುಗರು ಕೇಳುತ್ತಾರೆ, ಕೇಳಲೇಬೇಕು. "ಸಹಿಸಿಕೊಂಡು ಹೋಗಿ" ಎಂದು ನಮಗೆ ಹೇಳಿದವರೇನು ಕಡಿಮೆಯೇ? ಆದರೆ ಫೋರ್ಕ್ ಇರುವುದು ಕೂತವರ ಸುಖಕ್ಕಷ್ಟೇ ಅಲ್ಲ, ಚಕ್ರವನ್ನು ನೆಲಕ್ಕೆ ಹಿಡಿದಿಡಲು. ಕುಣಿಯುವ ಚಕ್ರಕ್ಕೆ ಬ್ರೇಕ್ ಹತ್ತದು, ಅದು ಹ್ಯಾಂಡಲ್ ಮಾತನ್ನೂ ಕೇಳದು. 1927ರ ಮಾರ್ಚ್ 20ರಂದು ಮಹಾಡದಲ್ಲಿ ಚವದಾರ್ ಕೆರೆಯ ನೀರು ಕುಡಿದ ನಮ್ಮವರನ್ನು ಹೊಡೆದರು. ತಿರುಗಿ ಹೊಡೆಯಲು ಸಿದ್ಧರಾದವರನ್ನು ಬಾಬಾಸಾಹೇಬರು ತಡೆದರು. ಕೆರೆಯನ್ನು ಮಾತ್ರ ಬಿಡಲಿಲ್ಲ. ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಡಿ, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು.

ಇಂದು ಗಾಡಿ ತೆಗೆಯುವ ಮುನ್ನ ಫೋರ್ಕ್ ಕೊಳವೆಯ ಧೂಳನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಎಣ್ಣೆಯ ಉಂಗುರ ಕಂಡರೆ ತಡಮಾಡದೆ ಸೀಲ್ ಬದಲಿಸಿ, ಎರಡೂ ಕಾಲಿಗೆ ಸಮ ಅಳತೆಯ ಎಣ್ಣೆ ಹಾಕಿಸಿ. ಸೋರಿದ ಎಣ್ಣೆ ಬ್ರೇಕಿಗೆ ತಗುಲಿದರೆ ಜೀವಕ್ಕೇ ಅಪಾಯ. ಸಂಜೆ ಹತ್ತು ನಿಮಿಷ ಆನಾಪಾನಕ್ಕೆ ಕೂತಾಗ, ಯಾವ ಹಳೆಯ ಗುಂಡಿ ಎದೆಯಲ್ಲಿ ಇನ್ನೂ ಕುಣಿಯುತ್ತಿದೆ ನೋಡಿಕೊಳ್ಳಿ.

ಜೈ ಭೀಮ್ 🙏