ಅಡ್ಡ ದಾಟುವವರ ಹೊತ್ತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಉಪವಿಭಾಗ. ಜಮೀನಿನ ತಕರಾರು ಉಪವಿಭಾಗಾಧಿಕಾರಿಯ (ಎ.ಸಿ.) ಕೋರ್ಟಿಗೆ ಹೋಯಿತೆಂದರೆ ಪಾವಗಡದ ರೈತ ಮಧುಗಿರಿಗೇ ಬರಬೇಕು; ಬರುವಾಗ ಆಂಧ್ರದ ಮಡಕಶಿರಾ ಸೀಮೆಯನ್ನು ಹಾಯಬೇಕು. ತಮ್ಮದೇ ಜಿಲ್ಲೆಯ ಕಚೇರಿಗೆ ಪಕ್ಕದ ರಾಜ್ಯ ದಾಟಿ ಹೋಗುವವರನ್ನು ‘ರಸ್ತೆ ಬೇಕೇ’ ಎಂದು ಕೇಳುವುದೇ ಅಧಿಕಪ್ರಸಂಗ. ರೈಲನ್ನು ನೆಚ್ಚೋಣವೆಂದರೆ, ತುಮಕೂರು–ರಾಯದುರ್ಗ ರೈಲು ‘ಬಂತು, ಬಂತು’ ಎನ್ನುತ್ತಲೇ, ಆ ಮಾತು ಶುರುವಾದಾಗ ಹುಟ್ಟಿದ ಮಕ್ಕಳು ಕಾಲೇಜು ಸೇರಿದ್ದಾರೆ.

ರಸ್ತೆ ಬೇಕು, ಸರಿ. ಆದರೆ ನಕ್ಷೆ ಹಾಕುವವರು ಅಳೆಯುವುದು ಉದ್ದವನ್ನು: ಇಷ್ಟು ಕಿಲೋಮೀಟರ್, ಇಷ್ಟು ನಿಮಿಷ ಉಳಿತಾಯ. ಊರಿನ ಬಾಳುವೆ ನಡೆಯುವುದು ಅಡ್ಡಲಾಗಿ. ಮನೆ ಈಚೆ, ಹೊಲ ಆಚೆ. ಹಟ್ಟಿ ಈಚೆ, ಕುರಿ ನೀರು ಕುಡಿಯುವ ಕಟ್ಟೆ ಆಚೆ. ಶಿರಾ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕುರಿ ಕಾಯುವವನು ಕೋಲು ಅಡ್ಡ ಹಿಡಿದು ಮಂದೆ ತಡೆದಿರುತ್ತಾನೆ. ಲಾರಿಗಳ ಸಾಲು ಮುಗಿಯುವುದಿಲ್ಲ. ಮುಂದಿನ ಕುರಿ ಕಾಲಿಟ್ಟರೆ ಹಿಂದಿನವೆಲ್ಲ ನುಗ್ಗುತ್ತವೆಂದು ಅವನಿಗೆ ಗೊತ್ತು. ಅರ್ಧ ಮಂದೆ ಡಿವೈಡರಿನಲ್ಲಿ ಸಿಕ್ಕಿಕೊಂಡರೆ ಅವನ ಪಾಡು ದೇವರಿಗೇ ಪ್ರೀತಿ. ಚಿತ್ರದುರ್ಗದ ಕಡೆ ಹೋಗುವ ಕಾರಿನವರು ಉಳಿಸಿಕೊಂಡ ಹೊತ್ತು ಇವನ ದಿನದಿಂದ ಕಳೆದದ್ದು. ಇಬ್ಬರ ಹೊತ್ತಿಗೂ ಒಂದೇ ಬೆಲೆ ಕಟ್ಟಿದ ನಕ್ಷೆಯನ್ನು ನಾನಂತೂ ಕಂಡಿಲ್ಲ.

ನೆಲದ ಮಾತೂ ಇದೆ. ಪಾವಗಡದ ತಿರುಮಣಿ ಸುತ್ತ ಸೋಲಾರ್ ಪಾರ್ಕಿಗಾಗಿ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. (ಅಲ್ಲೇ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರಿಗೆ ಗುತ್ತಿಗೆ ಹಣದಲ್ಲಿ ಪಾಲಿರಲಿಲ್ಲ, ಅದು ಬೇರೆ ಮಾತು.) ಹೆದ್ದಾರಿಗೆ ಹೋದ ನೆಲ ಮಾತ್ರ ಹೋದದ್ದೇ.

ಹಾಗಾದರೆ ಕೇಳಬೇಕಾದದ್ದು ಯಾರನ್ನು? 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ಭೂಸ್ವಾಧೀನದ ಅಧಿಸೂಚನೆಯ ಸಾರ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದಾದರೂ ಸ್ಥಳೀಯ ಭಾಷೆಯದು. ತಕರಾರು ಸಲ್ಲಿಸಲು 21 ದಿನ. ಅದೂ ಆ ಜಮೀನಿನಲ್ಲಿ ಹಿತಾಸಕ್ತಿ ಉಳ್ಳವರಿಗಷ್ಟೇ. ಕುರಿಯವನಿಗೆ ಯಾವ ಸರ್ವೆ ನಂಬರಿದೆ? ಅವನ ಹಕ್ಕೆಲ್ಲ ದಿನಾ ನಡೆದ ಜಾಡಿನಲ್ಲಿದೆ, ಜಾಡಿಗೆ ಪಹಣಿಯಿಲ್ಲ.

ಕಲ್ಲು ನೆಡುವ ಮೊದಲು ಇಂಜಿನಿಯರು ಬೇಸಿಗೆಯಲ್ಲೊಮ್ಮೆ ಹಟ್ಟಿಯವರ ಜೊತೆ ಮಂದೆಯ ಹಿಂದೆ ನಡೆದು ನೋಡಲಿ. ಅಂಡರ್‌ಪಾಸ್ ಎಲ್ಲಿ ಬೇಕೆಂದು ಕುರಿಗಳೇ ತೋರಿಸುತ್ತವೆ. ಡಾಂಬರು ಬಿದ್ದ ಮೇಲೆ ಕೇಳಿದರೆ ‘ಎಸ್ಟಿಮೇಟಿನಲ್ಲಿ ಇರಲಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ.